ನಾನೂರ ಹನ್ನೆರಡನೆಯ ಪಿನ್ನು

ಲಂಗಕ್ಕೆ ಲಾಡಿ ಪೋಣಿಸಲು ಪದ್ಮಾಳಿಗೆ ಒಂದು ಪಿನ್ನು ಬೇಕಾಗಿತ್ತು. ಶುರುವಾದದ್ದು ಅಷ್ಟರಿಂದಲೇ. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿಪಿನ್ನುಗಳು ತೆಳು, ಲಾಡಿ ಅರ್ಧ ದಾರಿ ಹೋಗುವಷ್ಟರಲ್ಲಿ ಬಾಗಿಬಿಡುತ್ತಿದ್ದವು. ಗಂಡ ಮರಿಯಪ್ಪ ಡ್ಯೂಟಿಗೆ ಹೋಗಿದ್ದ. ಅವನ ಕಪ್ಪು ಟ್ರಂಕನ್ನು ತೆಗೆದು ನೋಡಿದಳು. ಮಿಲಿಟರಿಯ ಎರಡು ಮೆಡಲು, ಒಂದು ಸೀಟಿ, ಮಡಿಸಿಟ್ಟ ಟೋಪಿ, ತಳದಲ್ಲಿ ಒಂದು ನಶ್ಯದ ಡಬ್ಬಿ. ಮರಿಯಪ್ಪ ನಶ್ಯ ಹಾಕಿದವನೇ ಅಲ್ಲ. ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಕಿರುಬೆರಳಿನಷ್ಟು ಉದ್ದದ ಉಕ್ಕಿನ ಪಿನ್ನು. ಕೂದಲಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಎರಡು ಕಾಲು, ಆದರೆ ಗಟ್ಟಿ. ತಲೆಯ ಹತ್ತಿರ ಸಣ್ಣ ಅಕ್ಷರಗಳನ್ನು ಕೊರೆದಿತ್ತು. ಲಾಡಿ ಒಂದೇ ಎಳೆತಕ್ಕೆ ಈಚೆ ಬಂತು. ಎರಡು ತಿಂಗಳು ಅವಳು ಅದರಲ್ಲೇ ಲಾಡಿ ಪೋಣಿಸಿದಳು, ತನ್ನವಕ್ಕೂ, ಅವನ ಪೈಜಾಮಕ್ಕೂ, ಮುಂದಿನ ಮನೆಯ ಅಮ್ಮಾವ್ರ ಲಂಗಗಳಿಗೂ.

ಒಂದು ಸಂಜೆ ಆರು ಗಂಟೆಗೆ ಮರಿಯಪ್ಪ ಯೂನಿಫಾರಂ ಬಿಚ್ಚುತ್ತ ಅವಳ ಕೈಯಲ್ಲಿದ್ದುದನ್ನು ನೋಡಿದ. ಬಂದು, ಪಿನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ಕರ್ಚೀಫಿನಲ್ಲಿ ಒರೆಸಿದ.

"ಅದೇನು ಚಿನ್ನದ್ದೇನ್ರೀ, ಹಾಗೆ ಒರೆಸ್ತೀರಿ?" ಅಂದಳು ಪದ್ಮಾ.

"ಇದಕ್ಕೊಂದು ಜೋಡಿ ಇದೆ. ಅದು ಪಂಜಾಬಿನಲ್ಲಿದೆ."

"ಅಯ್ಯೋ, ಯಾವಳಿಗೆ ಕೊಟ್ಟು ಬಂದ್ರಿ? ನನಗೆ ಇಪ್ಪತ್ತು ವರ್ಷದಲ್ಲಿ ಒಂದು ತಲೆಪಿನ್ನು ತಂದುಕೊಟ್ಟವರಲ್ಲ!"

ಅವನು ನಗಲಿಲ್ಲ. ಆವಾಗ ಅವಳಿಗೂ ನಗು ನಿಂತಿತು. ಆ ಸಂಜೆ ಅಡಿಗೆ ತಡವಾಯಿತು, ಏಕೆಂದರೆ ಮದುವೆಯಾದಂದಿನಿಂದ ನಾಲ್ಕು ಮಾತು ಕೂಡಿಸಿ ಆಡದ ಮನುಷ್ಯ ಅಂದು ಒಂದು ಗಂಟೆ ಮಾತಾಡಿದ.

ಮರಿಯಪ್ಪ ಚನ್ನರಾಯಪಟ್ಟಣದ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಬೆಂಗಳೂರಿಗೆ ಹೋಗಿ, ಅಂಗಿ ಬಿಚ್ಚಿ, ಎದೆ ಅಳೆಸಿಕೊಂಡು ಮಿಲಿಟರಿ ಸೇರಿದ್ದ. ಸೇತುವೆ ಕಟ್ಟುವ, ರಸ್ತೆ ಮಾಡುವ, ನೆಲಬಾಂಬು ಹೂಳುವ ಮತ್ತು ತೆಗೆಯುವ ದಳ. ಆ ದಳದಲ್ಲಿ ಇಪ್ಪತ್ತೆರಡು ವರ್ಷ ದುಡಿದವನಿಗೆ ಒಂದು ಚಟ ಅಂಟಿಕೊಂಡಿತ್ತು, ಎಣಿಸುವುದು. ತಟ್ಟೆಗೆ ಬಿದ್ದ ಚಪಾತಿ ಎಣಿಸುತ್ತಿದ್ದ, ಮೆಟ್ಟಿಲು ಎಣಿಸುತ್ತಿದ್ದ, ಬೆಂಕಿಪೊಟ್ಟಣದಲ್ಲಿ ಎಷ್ಟು ಕಡ್ಡಿ ಉಳಿದಿವೆ ಎಂಬುದು ಪದ್ಮಾಳಿಗಿಂತ ಅವನಿಗೆ ಗೊತ್ತಿರುತ್ತಿತ್ತು. ಹವಾಲ್ದಾರನಾಗಿ ಎರಡು ಸಾವಿರದ ಮೂರನೆಯ ಇಸವಿ ಜೂನಿನಲ್ಲಿ ನಿವೃತ್ತನಾದ. ಒಬ್ಬಳೇ ಮಗಳು ಮದುವೆಯಾಗಿ ಹಾಸನದಲ್ಲಿದ್ದಳು. ಗಂಡ ಹೆಂಡತಿ ದೆಹಲಿಗೆ ಬಂದರು. ಮುನಿರ್ಕಾದ ಒಂದು ಬ್ಯಾಂಕಿನ ಬಾಗಿಲಲ್ಲಿ ಅವನಿಗೆ ಗಾರ್ಡಿನ ಕೆಲಸ. ವಾಸಕ್ಕೆ ಆರ್.ಕೆ.ಪುರಂನಲ್ಲಿ ದತ್ತಾತ್ರೇಯ ಎಂಬ ಕನ್ನಡದ ಅಧಿಕಾರಿಯ ಸರ್ಕಾರಿ ಮನೆಯ ಹಿಂದಿನ ಸರ್ವೆಂಟ್ ಕ್ವಾರ್ಟರು. ಆ ಕಡೆಯ ಪದ್ಧತಿಯೇ ಹಾಗೆ. ಕೋಣೆಗೆ ಬಾಡಿಗೆ ಇಲ್ಲ, ಮುಂದಿನ ಮನೆಯ ಅಡಿಗೆ, ಪಾತ್ರೆ, ಕಸ ಕೋಣೆಯಲ್ಲಿರುವವಳದು.

ಮರಿಯಪ್ಪ ಹೇಳಿದ್ದು ಇಷ್ಟು.

ಎರಡು ಸಾವಿರದ ಎರಡನೆಯ ಇಸವಿ ಜನವರಿ. ಯುದ್ಧ ಆಗಿಯೇ ಆಗುತ್ತದೆ ಅಂತ ಸೈನ್ಯವನ್ನೆಲ್ಲ ಗಡಿಗೆ ತಂದು ನಿಲ್ಲಿಸಿದ್ದರು. ಪಂಜಾಬಿನ ಒಂದು ಹಳ್ಳಿಯಲ್ಲಿ ಗೋಧಿ ಗೇಣುದ್ದ ಬಂದಿತ್ತು. ಆ ಪೈರಿನ ಸಾಲುಗಳ ನಡುವೆಯೇ ನೆಲಬಾಂಬು ಹೂಳಬೇಕಿತ್ತು. ಅಂಗೈಯಗಲದ ಪ್ಲಾಸ್ಟಿಕ್ಕಿನ ಡಬ್ಬಿ ಅದು. ಕೊಲ್ಲುವುದಕ್ಕಲ್ಲ, ತುಳಿದವನ ಪಾದ ಕೀಳುವುದಕ್ಕೆ ಮಾಡಿದ್ದು. ಹೂತ ಮೇಲೆ ಪಿನ್ನು ಎಳೆದರೆ ಅದು ಎಚ್ಚರವಾಯಿತು ಅಂತ ಅರ್ಥ. ಎಳೆದ ಪಿನ್ನನ್ನು ಎಸೆಯುವ ಹಾಗಿಲ್ಲ, ಬೇರೆ ಒಂದು ತಗಡಿನ ಡಬ್ಬಿಗೆ ಹಾಕಿಡಬೇಕು. ಎಷ್ಟು ಪಿನ್ನೋ ಅಷ್ಟು ಬಾಂಬು. ತೆಗೆಯುವಾಗ ಒಂದೊಂದಕ್ಕೂ ಪಿನ್ನು ಮತ್ತೆ ತೊಡಿಸಿ ಎತ್ತಬೇಕು. ಪಿನ್ನಿನ ಡಬ್ಬಿ ಖಾಲಿಯಾದರೆ ಹೊಲ ಖಾಲಿ.

ಆ ಹೊಲ ಗುರ್ಮೇಜ್ ಸಿಂಗ್ ಎಂಬ ರೈತನದು. ಊರೆಲ್ಲ ಟ್ರ್ಯಾಕ್ಟರುಗಳಲ್ಲಿ ಮಂಚ, ಕೋಳಿ, ಮುದುಕಿಯರನ್ನು ತುಂಬಿಕೊಂಡು ಹೊರಡುವಾಗ ಅವನು ಮರಿಯಪ್ಪನ ಹತ್ತಿರ ಬಂದು, ಹೌಲ್ದಾರ್ ಸಾಬ್, ಸರಿಯಾಗಿ ಎಣಿಸಿ ಇಡಿ, ನಾಳೆ ಇಲ್ಲಿ ನನ್ನ ಮಕ್ಕಳು ಓಡಾಡಬೇಕು ಅಂದಿದ್ದ. "ಎಷ್ಟು ಇಟ್ಟಿದ್ದೀವೋ ಅಷ್ಟೂ ನಾನೇ ತೆಗೆದುಕೊಡ್ತೀನಿ" ಅಂತ ಮರಿಯಪ್ಪ ಮಾತು ಕೊಟ್ಟ. ನಾನೂರ ಹನ್ನೆರಡು ಇಟ್ಟರು. ಸುತ್ತ ತಂತಿ ಬೇಲಿ, ಕೆಂಪು ತ್ರಿಕೋನದ ಹಲಗೆ.

ಯುದ್ಧ ಆಗಲಿಲ್ಲ. ಆದರೆ ಆ ಮಳೆಗಾಲದಲ್ಲಿ ಕಾಲುವೆಯ ಏರಿ ಒಡೆದು ಹೊಲದ ತೆಂಕಣ ಮೂಲೆಗೆ ನೀರು ನುಗ್ಗಿ ಬೇಲಿಯನ್ನೇ ಮಲಗಿಸಿತು. ಮಾರನೆಯ ವರ್ಷದ ಆರಂಭದಲ್ಲಿ ತೆಗೆದಾಗ ಸಿಕ್ಕಿದ್ದು ನಾನೂರ ಹನ್ನೊಂದು. ಡಬ್ಬಿಯಲ್ಲಿ ಒಂದು ಪಿನ್ನು ಉಳಿಯಿತು. ಹನ್ನೆರಡು ದಿನ ಹುಡುಕಿದರು. ಮೇಲಿಂದ ದಿನಕ್ಕೆರಡು ಸಲ ಫೋನು, ಮುಗಿಯಿತೇ, ಮುಗಿಯಿತೇ. ಕೊನೆಗೆ ಕ್ಯಾಪ್ಟನ್ನು ಕಾಗದದಲ್ಲಿ ಬರೆದ: ಒಂದು, ಬೀಡಾಡಿ ಪ್ರಾಣಿ ತುಳಿದು ಸಿಡಿದಿದೆ.

"ಸಾಬ್, ಪ್ರಾಣಿಯ ಮೂಳೆ ಎಲ್ಲಿ? ಸಿಡಿದ ಗುಂಡಿ ಎಲ್ಲಿ?" ಅಂದ ಮರಿಯಪ್ಪ.

"ನಿನ್ನ ರಿಟೈರ್‌ಮೆಂಟ್ ಯಾವಾಗ, ಹವಾಲ್ದಾರ್?"

"ಜೂನ್, ಸಾಬ್."

"ಹಾಗಾದರೆ ಜೂನ್ ಕಡೆ ನೋಡು."

ಮರಿಯಪ್ಪ ಸಹಿ ಹಾಕಿದ. ಪಿನ್ನನ್ನು ಕಾಲುವೆಗೆ ಎಸೆ ಅಂದರು, ಎಸೆಯಲಿಲ್ಲ. ಹೊರಡುವ ದಿನ ಗುರ್ಮೇಜನನ್ನು ಪಕ್ಕಕ್ಕೆ ಕರೆದು, ತೆಂಕಣ ಮೂಲೆ ಉಳಬೇಡ, ಒಂದು ಉಳಿದಿದೆ ಅಂದ. ಗುರ್ಮೇಜ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಮರಿಯಪ್ಪ ಹೆಂಡತಿಗೆ ಹೇಳಿದ.

ಪದ್ಮಾ ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಓದು ಮೂರನೆಯ ಕ್ಲಾಸು. ಆದರೆ ಅಳತೆ ತಪ್ಪಿದವಳಲ್ಲ. ತಾನು ಎರಡು ತಿಂಗಳು ಯಾವುದರಿಂದ ಲಾಡಿ ಪೋಣಿಸಿದೆ ಎಂದು ನೆನೆದು ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಆಮೇಲೆ ಅಂದಳು, "ಸಾಹೇಬರನ್ನ ಕೇಳೋಣ. ಅವರಿಗೆ ಗೊತ್ತಿರತ್ತೆ."

ದತ್ತಾತ್ರೇಯ ಕೆಟ್ಟ ಮನುಷ್ಯನಲ್ಲ. ಕಚೇರಿಯಲ್ಲಿ ಅವರ ಕೆಲಸವೇ ಇಂಥ ಕಾಗದಗಳದು. ಯಾವ ಯಾವ ಆಯುಧ ಯುದ್ಧದಲ್ಲಿ ಬಳಸಬಾರದು, ಬಳಸಿದರೆ ಹೇಗೆ ಬಳಸಬೇಕು ಅಂತ ದೇಶದೇಶಗಳು ಕೂತು ಬರೆದುಕೊಂಡ ಕಟ್ಟಳೆಗಳಿಗೆ ನಮ್ಮ ಕಡೆಯಿಂದ ವರ್ಷಕ್ಕೊಮ್ಮೆ ಹೋಗುವ ವರದಿಗೆ ಅವರು ಅಂಕಿಅಂಶ ಜೋಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಪದ್ಮಾ ವಿಷಯ ತೆಗೆದಳು. ಮರಿಯಪ್ಪ ಬಾಗಿಲ ಬಳಿ ಅಟೆನ್ಷನ್ನಿನಲ್ಲಿ ನಿಂತಿದ್ದ.

"ಕೂತ್ಕೋ ಮರಿಯಪ್ಪ, ಇದೇನು ಪರೇಡಾ?" ಅಂದರು ಅಮ್ಮಾವ್ರು ಮನೋರಮಾ. ಅವನು ಕೂರಲಿಲ್ಲ.

"ನೋಡು," ಅಂದರು ದತ್ತಾತ್ರೇಯ. "ಜಗತ್ತಿನಲ್ಲಿ ನೂರಕ್ಕೂ ಮೇಲೆ ದೇಶಗಳು ಈ ನೆಲಬಾಂಬು ಬೇಡವೇ ಬೇಡ ಅಂತ ಸಹಿ ಮಾಡಿವೆ. ನಾವು ಮಾಡಿಲ್ಲ. ನಮಗೆ ಉದ್ದದ ಗಡಿ ಇದೆ. ಆದರೆ ಇನ್ನೊಂದು ಕಟ್ಟಳೆಗೆ ನಾವು ಒಪ್ಪಿದ್ದೀವಿ. ಇಟ್ಟರೆ ಬೇಲಿ ಹಾಕಬೇಕು, ಹಲಗೆ ನೆಡಬೇಕು, ನಕ್ಷೆ ಬರೀಬೇಕು, ಕೆಲಸ ಮುಗಿದ ಮೇಲೆ ತೆಗೀಬೇಕು. ಲೋಹ ಹುಡುಕೋ ಯಂತ್ರಕ್ಕೆ ಸಿಗೋ ಹಾಗೆ ಒಂದೊಂದರಲ್ಲೂ ಎಂಟು ಗ್ರಾಂ ಕಬ್ಬಿಣ ಇರಬೇಕು."

"ಎಂಟು ಗ್ರಾಂ ಅಂದ್ರೆ ಒಂದು ಪವನು," ಅಂದಳು ಪದ್ಮಾ.

"ಅದೇ. ಒಂದು ಪವನು ಚಿನ್ನದ ತೂಕ."

"ಹಾಗಾದ್ರೆ ಇದು ಯಂತ್ರಕ್ಕೆ ಯಾಕೆ ಸಿಗಲಿಲ್ಲ ಸಾರ್?"

ಉತ್ತರ ಬಾಗಿಲಿನಿಂದ ಬಂತು. "ಆ ಎಂಟು ಗ್ರಾಂ ಕಬ್ಬಿಣದ ಬಳೆ ಬಾಂಬಿಗೆ ಆಮೇಲೆ ನಾವೇ ಕೈಯಲ್ಲಿ ಹಾಕಿದ್ದು ಸಾರ್. ನೀರಲ್ಲಿ ಕಳಚಿ ಹೋಗಿರತ್ತೆ. ಬರೀ ಪ್ಲಾಸ್ಟಿಕ್ಕು ತೇಲತ್ತೆ."

ದತ್ತಾತ್ರೇಯರ ಮಗಳು ಹರಿಣಿ ಕಾನೂನು ಓದುತ್ತಿದ್ದಳು. ದೆಹಲಿಯಲ್ಲೇ ಹುಟ್ಟಿದವಳು, ಅರ್ಧ ಕನ್ನಡ ಅರ್ಧ ಹಿಂದಿ. "ಪಪ್ಪಾ, ಯೇ ತೋ ಹದ್ ಹೈ, ಅತಿ ಆಯ್ತು! ಏನಾದ್ರೂ ಮಾಡೋಣ ನಾ?" ಅಂದಳು.

ದತ್ತಾತ್ರೇಯ ಹದಿನೈದು ದಿನ ವಿಚಾರಿಸಿದರು. ಆಮೇಲೆ ಮರಿಯಪ್ಪನನ್ನು ಕರೆದು ಮೆಲ್ಲಗೆ ಹೇಳಿದರು. "ಆ ಫೈಲು ಇನ್ನೂ ಮುಚ್ಚಿಲ್ಲ. ಯಾರೋ ಒಬ್ಬ ಗುಮಾಸ್ತ ಆಕ್ಷೇಪಣೆ ಎತ್ತಿದ್ದಾನೆ. ಪ್ರಾಣಿ ತುಳಿದು ಸಿಡೀತು ಅಂತೀರಿ, ಸರಿ, ಅದರ ಪಿನ್ನು ಸ್ಟೋರಿಗೆ ಬರಬೇಕಲ್ಲ, ಎಲ್ಲಿ ಅಂತ. ಅದಕ್ಕೆ ಉತ್ತರ ಹೋಗೋವರೆಗೆ ಫೈಲು ಜೀವ ಇಟ್ಕೊಂಡಿರತ್ತೆ. ನೀನು ಅರ್ಜಿ ಬರಿ. ಪ್ರಾಣಿ ತುಳಿದಿಲ್ಲ, ಬಾಂಬು ನೆಲದಲ್ಲೇ ಇದೆ, ಪಿನ್ನು ನನ್ನ ಹತ್ತಿರ ಇದೆ ಅಂತ ಬರಿ. ಹುಡುಕೋದಕ್ಕೆ ತಂಡ ಕಳಿಸಲೇಬೇಕಾಗತ್ತೆ."

ಹರಿಣಿ ಅರ್ಜಿ ಬರೆದುಕೊಟ್ಟಳು. ಆ ರಾತ್ರಿ ಊಟಕ್ಕೆ ಮುಂಚೆ ಪದ್ಮಾಳ ತಲೆಯಲ್ಲಿ ಒಂದು ಹುಳ ಹೊಕ್ಕಿತು.

"ಪಿನ್ನು ನನ್ನ ಹತ್ತಿರ ಇದೆ ಅಂತ ಬರೆದು ಪಿನ್ನು ಕೊಡದೆ ಬಂದ್ರೆ, ಸರ್ಕಾರದ ಸಾಮಾನು ಕದ್ದ ಅನ್ನಲ್ವಾ?"

"ಅಂತಾರೆ," ಅಂದ ಮರಿಯಪ್ಪ.

"ಹಾಗಾದ್ರೆ ಕೊಟ್ಟುಬಿಡಿ. ಆದ್ರೆ ರಸೀದಿ ಇಲ್ಲದೆ ಕೊಡಬೇಡಿ. ಅದರ ಮೇಲೆ ಕೊರೆದಿರೋ ಅಕ್ಷರ ಇವೆಯಲ್ಲ, ಅದನ್ನೂ ರಸೀದಿಯಲ್ಲಿ ಬರೆಸ್ಕೊಳ್ಳಿ."

ಗ್ಯಾಸ್ ಸಿಲಿಂಡರಾಗಲಿ, ರೇಷನ್ನಾಗಲಿ, ಚೀಟಿ ಇಲ್ಲದೆ ಅವಳು ಏನನ್ನೂ ಬಿಟ್ಟುಕೊಟ್ಟವಳಲ್ಲ. ಮರಿಯಪ್ಪನೂ ಇಪ್ಪತ್ತೆರಡು ವರ್ಷ ಬಂದೂಕು ಒಪ್ಪಿಸಿ ಸಹಿ ತೆಗೆದುಕೊಂಡೇ ಮಲಗಿದವನು. ಸರ್ಕಾರದ್ದು ಸರ್ಕಾರಕ್ಕೆ ಸೇರಬೇಕು ಎಂಬುದು ಇಬ್ಬರಿಗೂ ನೀರು ಕುಡಿದಷ್ಟು ಸಹಜ. ದತ್ತಾತ್ರೇಯರನ್ನು ಇನ್ನೊಮ್ಮೆ ಕೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಮರಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಫೈಲಿದ್ದ ಮಿಲಿಟರಿ ಕಚೇರಿಗೆ ಹೋದ. ಅರ್ಜಿ ಕೊಟ್ಟ, ಪಿನ್ನು ಕೊಟ್ಟ, ರಸೀದಿ ತಂದ. ಕೊರೆದ ಅಕ್ಷರಗಳು ಒಂದೂ ಬಿಡದೆ ರಸೀದಿಯಲ್ಲಿದ್ದವು. ಪದ್ಮಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಖಾಲಿಯಾದ ನಶ್ಯದ ಡಬ್ಬಿಯ ಕೆಳಗೆ ಇಟ್ಟಳು. ಇನ್ನು ತಂಡ ಹೋಗುತ್ತದೆ, ಆ ಪಂಜಾಬಿನವರು ಮೂಲೆ ಉಳುತ್ತಾರೆ ಅಂತ ಅಂದು ಪಾಯಸ ಮಾಡಿದಳು.

ಏಳು ತಿಂಗಳ ಮೇಲೆ ಕಾಗದ ಬಂತು. ಹರಿಣಿ ಓದಿದಳು. ಅರ್ಧದಲ್ಲಿ ನಿಲ್ಲಿಸಿದಳು.

"ಏನಂತೆ ತಾಯಿ?" ಅಂದ ಮರಿಯಪ್ಪ.

"ಕಾಣೆಯಾಗಿದ್ದ ಪಿನ್ನನ್ನು ಸ್ವ‑ಇಚ್ಛೆಯಿಂದ ತಂದೊಪ್ಪಿಸಿದ ನಿಮ್ಮ ಪ್ರಾಮಾಣಿಕತೆಯನ್ನ ಮೆಚ್ಚಿದ್ದಾರೆ, ಅಂಕಲ್. ಪಿನ್ನು ಸಿಕ್ಕಿರೋದ್ರಿಂದ ಆಕ್ಷೇಪಣೆ ಬಗೆಹರಿದಿದೆ. ಫೈಲು ಮುಚ್ಚಲಾಗಿದೆ."

"ಬಾಂಬಿನ ವಿಷಯ?"

"ಬರೆದಿಲ್ಲ."

ದತ್ತಾತ್ರೇಯ ಆ ದಿನ ಮೊದಲ ಸಲ ಪದ್ಮಾಳ ಮೇಲೆ ಸಿಟ್ಟಾದರು. "ಕೊಡು ಅಂತ ಯಾರು ಹೇಳಿದ್ರು? ಆ ಒಂದು ಪಿನ್ನಿನ ಮೇಲೆ ಫೈಲು ನಿಂತಿತ್ತು! ನಿಮ್ಮ ಕೈಯಾರೆ ಮುಚ್ಚಿ ಬಂದ್ರಲ್ಲ!"

"ಸರ್ಕಾರದ್ದು ಅಲ್ವಾ ಸಾರ್ ಅದು," ಅಂದಳು ಪದ್ಮಾ. ಅಂದ ಮೇಲೆ ಆ ಮಾತು ತನಗೇ ಎಷ್ಟು ಪೆದ್ದಾಗಿ ಕೇಳಿಸಿತೆಂದರೆ, ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗುವವರೆಗೂ ಅಲ್ಲೇ ನಿಂತಿದ್ದಳು.

ಮರಿಯಪ್ಪ ಆಮೇಲೆ ನಾಲ್ಕು ಅರ್ಜಿ ಹಾಕಿದ. ಮುಚ್ಚಿದ ಫೈಲಿನ ಮೇಲೆ ಬಂದ ಅರ್ಜಿಗಳನ್ನು ಯಾರೂ ಓದಲಿಲ್ಲ. ಅವನು ಪದ್ಮಾಳನ್ನು ಒಂದು ದಿನವೂ ದೂರಲಿಲ್ಲ. ಅದೇ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿ ಮೇ ತಿಂಗಳಲ್ಲಿ ಗುರ್ಮೇಜ್ ಸಿಂಗ್, ಮರಿಯಪ್ಪ ಹಿಂದೆ ಬರೆದು ಕಳಿಸಿದ್ದ ಬ್ಯಾಂಕಿನ ನಂಬರಿಗೆ ಫೋನು ಮಾಡಿದ. ಅಣ್ಣತಮ್ಮಂದಿರ ಪಾಲಾಗಿದೆ, ತೆಂಕಣ ಮೂಲೆ ತಮ್ಮನ ಪಾಲಿಗೆ ಹೋಗಿದೆ, ಸರ್ಕಾರವೇ ಶುದ್ಧ ಅಂತ ಬರೆದುಕೊಟ್ಟ ಮೇಲೆ ನಾನ್ಯಾಕೆ ಬೀಳು ಬಿಡಲಿ, ಈ ಸಲ ಭತ್ತ ನೆಡುತ್ತೇನೆ ಅಂತ ತಮ್ಮ ಹಟ ಹಿಡಿದಿದ್ದಾನೆ. ನೆಡಲು ಹೆಂಗಸರು ಬರಿಗಾಲಲ್ಲಿ ಇಳಿಯುತ್ತಾರೆ.

ಮರಿಯಪ್ಪ ಫೋನು ಇಟ್ಟು ಹದಿನೈದು ದಿನ ರಜ ಬರೆದ. "ನಾನೂ ಬರ್ತೀನಿ," ಅಂದಳು ಪದ್ಮಾ.

"ನೀನು ಬಂದು ಏನು ಮಾಡ್ತೀಯೆ?"

"ನೀವು ಮಲಗಿ ಹುಡುಕ್ತೀರಲ್ಲ, ಎಲ್ಲಿವರೆಗೆ ಆಯ್ತು ಅಂತ ಯಾರು ನೋಡ್ಕೋತಾರೆ? ನಾನು ಎಣಿಸ್ತೀನಿ."

ಹೊರಡುವ ಮುಂಚೆ ಅವನು ಇನ್ನೊಮ್ಮೆ ಕಚೇರಿಗೆ ಹೋಗಿ, ರಸೀದಿ ತೋರಿಸಿ, ಪಿನ್ನನ್ನು ವಾಪಸು ಕೇಳಿದ. ಬಾಂಬು ಸಿಕ್ಕರೆ ತೊಡಿಸಬೇಕಲ್ಲ. ಕಿಟಕಿಯ ಹಿಂದಿನವನು ರಸೀದಿ ತಿರುಗಿಸಿ ನೋಡಿ, "ಅಂಕಲ್‌ಜೀ, ಜಮಾ ಆದದ್ದು ಈಚೆ ಬರಬೇಕಾದರೆ ಯೂನಿಟ್ಟಿನಿಂದ ಬೇಡಿಕೆ ಪತ್ರ ಬೇಕು. ನಿಮ್ಮ ಯೂನಿಟ್ ಯಾವುದು?" ಅಂದ. "ಈಗ ಯಾವುದೂ ಇಲ್ಲ," ಅಂದ ಮರಿಯಪ್ಪ. "ಚಲೋ, ಮತ್ತೆ ಹೇಗೆ ಕೊಡೋದು?" ಅಂದು ಅವನು ಚಹಾ ಕುಡಿಯಲು ಎದ್ದ.

ರೈಲಿನಲ್ಲಿ ಒಂದು ದಿನ, ಬಸ್ಸಿನಲ್ಲಿ ಅರ್ಧ ದಿನ. ಗುರ್ಮೇಜನ ಮನೆಯ ಅಂಗಳದಲ್ಲಿ ಮಂಚ ಹಾಕಿಕೊಟ್ಟರು. ಮರಿಯಪ್ಪ ತೆಂಕಣ ಮೂಲೆಯನ್ನು ಹಗ್ಗ ಕಟ್ಟಿ ಚಾಪೆಯಗಲದ ಪಟ್ಟಿಗಳಾಗಿ ಮಾಡಿದ. ಒಂದು ಮೊಳದ ಕಬ್ಬಿಣದ ಸಲಾಕೆ ಹಿಡಿದು ಹೊಟ್ಟೆಯ ಮೇಲೆ ಮಲಗಿದ. ಓರೆಯಾಗಿ ಚುಚ್ಚುವುದು, ಎಳೆಯುವುದು, ಎರಡು ಬೆರಳು ಆಚೆ ಚುಚ್ಚುವುದು. ಪದ್ಮಾ ದೂರದ ಬದುವಿನ ಮೇಲೆ ಸೆರಗು ತಲೆಗೆ ಹೊದ್ದು ಕೂತು, ಒಂದು ಪಟ್ಟಿ ಮುಗಿದರೆ ಒಂದು ಕಲ್ಲು ಇಡುತ್ತಿದ್ದಳು. ಬಿಸಿಲು ನೆತ್ತಿಗೇರುವ ಮುಂಚೆ ನಿಲ್ಲಿಸಿ, ಇಳಿದ ಮೇಲೆ ಮತ್ತೆ. ಗುರ್ಮೇಜನ ತಮ್ಮ ಮೊದಲ ದಿನ ಟ್ರ್ಯಾಕ್ಟರಿನ ಮೇಲೆ ಕೂತು ನಗುತ್ತಿದ್ದ, "ಮದ್ರಾಸಿ ಬಾಬಾ ನನ್ನ ಹೊಲದಲ್ಲಿ ಮೂಲಂಗಿ ಹುಡುಕ್ತಿದಾನೆ!" ಮೂರನೆಯ ದಿನ ನಗು ನಿಂತಿತು. ಐದನೆಯ ದಿನ ಅವನೇ ಮಜ್ಜಿಗೆ ತಂದುಕೊಟ್ಟ.

ಒಂಬತ್ತನೆಯ ದಿನ, ಅವಳು ನಲವತ್ತೇಳನೆಯ ಕಲ್ಲು ಕೈಯಲ್ಲಿ ಹಿಡಿದಿದ್ದಾಗ, ಮರಿಯಪ್ಪ ಅಲುಗದೆ ಮಲಗಿಬಿಟ್ಟ. ಆಮೇಲೆ ಹೊಲಿಗೆ ಬಿಚ್ಚುವವನ ಹಾಗೆ ಮಣ್ಣನ್ನು ಬೆರಳಿನಿಂದ ಬಿಡಿಸತೊಡಗಿದ. ಎದ್ದು ಬಂದಾಗ ಅವನ ಮುಖದ ತುಂಬ ಮಣ್ಣು, ಬೆವರು.

"ಸಿಕ್ತು. ಬೇಲಿ ಇದ್ದ ಜಾಗಕ್ಕಿಂತ ಮೂವತ್ತೊಂದು ಹೆಜ್ಜೆ ಆಚೆ. ಹೆಂಗಸರು ಪೈರಿನ ಕಟ್ಟು ಇಳಿಸೋ ಜಾಗ."

ಗುರ್ಮೇಜ್ ಸೈಕಲ್ ಹತ್ತಿ ಠಾಣೆಗೆ ಹೋದ. ಆ ಹೊಲ ಶುದ್ಧವಾಗಿದೆ ಅಂತ ಕಾಗದ ಇದೆ, ಅಲ್ಲಿ ಬಾಂಬು ಇರಲು ಸಾಧ್ಯವಿಲ್ಲ ಅಂದರು. ಮಾರನೆಯ ದಿನ ಮರಿಯಪ್ಪನೇ ಹೋದ. ಬರೆದುಕೊಟ್ಟು ಹೋಗಿ, ಮೇಲೆ ಕಳಿಸುತ್ತೇವೆ ಅಂದರು. ಎಷ್ಟು ದಿನ ಅಂದರೆ, ಅದು ಮೇಲಿನವರಿಗೆ ಗೊತ್ತು ಅಂದರು. ಆದರೆ ಅದರ ಮಾರನೆಯ ದಿನ, ಗುರುವಾರ, ಆ ಹೊಲಕ್ಕೆ ಕಾಲುವೆಯ ನೀರಿನ ಸರದಿ. ಮೇಲಿನ ಹೊಲಗಳವರು ತೂಬು ಎತ್ತಿಯೇ ಎತ್ತುತ್ತಾರೆ. ನೀರು ಬಂದರೆ ಡಬ್ಬಿ ಮತ್ತೆ ತೇಲಿ ಎಲ್ಲಿಗೆ ಹೋಗುತ್ತದೋ.

ಗುರುವಾರ ಬೆಳಕು ಹರಿದಾಗ ಮರಿಯಪ್ಪ ಪದ್ಮಾಳ ಮುಂದೆ ಕೈ ಚಾಚಿದ. "ಬಳೆಯಲ್ಲಿರೋ ಪಿನ್ನು ಕೊಡು. ಇರೋದ್ರಲ್ಲಿ ದಪ್ಪಂದು."

"ಇವು ಬಾಗ್ತವೆ ಕಣ್ರೀ. ಲಾಡಿಗೇ ಬಾಗ್ತವೆ."

"ಎರಡು ಕೊಡು. ಹೊಸೆದು ತೊಡಿಸ್ತೀನಿ."

"ಬೇಡ. ಸುತ್ತ ಕಾವಲು ಕೂತ್ಕೊಳ್ಳೋಣ. ನೀರು ಬಿಡಬೇಡಿ ಅಂತ ಕಾಲು ಹಿಡಿಯೋಣ."

"ಒಂಬತ್ತು ಹೊಲದವರ ಕಾಲು ಹಿಡೀಬೇಕು ಪದ್ಮಾ. ಅವರಿಗೂ ಇದೇ ಸರದಿ. ಪಿನ್ನು ಕೊಡು."

ಅವಳು ಎರಡು ಪಿನ್ನು ಬಿಚ್ಚಿ ಕೊಟ್ಟಳು. ಅವನು ಅವುಗಳ ಮೊನೆ ನೆಟ್ಟಗೆ ಮಾಡಿ, ಒಂದಕ್ಕೊಂದು ಹೊಸೆದು, ಎರಡು ಕಾಲು ಬರುವ ಹಾಗೆ ಬಗ್ಗಿಸಿದ. ನೋಡಲು ಹೆಚ್ಚುಕಡಿಮೆ ಆ ಉಕ್ಕಿನ ಪಿನ್ನಿನ ಹಾಗೇ ಇತ್ತು. ಪದ್ಮಾಳೂ ಗುರ್ಮೇಜನೂ ಎಂಬತ್ತು ಹೆಜ್ಜೆ ದೂರ ಬದುವಿನ ಹಿಂದೆ ನಿಂತರು. ಅವನು ಮಲಗಿದ. ತೊಡಿಸಿದ, ಕೈ ಎತ್ತಿ ತೋರಿಸಿದ. ಗುರ್ಮೇಜ್ "ವಾಹೆಗುರು" ಅಂದ. ಮರಿಯಪ್ಪ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ, ಮೊಣಕಾಲ ಮೇಲೆದ್ದು, ಬಲಗೈಗೆ ವರ್ಗಾಯಿಸಿ, ಎಡಗೈ ಊರಿ ಏಳಲು ಹೋದ. ಏನು ಬಾಗಿತು ಅಂತ ಪದ್ಮಾಳಿಗೆ ಆ ಕ್ಷಣವೇ ಗೊತ್ತಾಯಿತು. ಸದ್ದು ಪಟಾಕಿಯಷ್ಟೂ ದೊಡ್ಡದಿರಲಿಲ್ಲ.

ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಬಲಗಣ್ಣು ಅರ್ಧ. ಗುರ್ಮೇಜನ ತಮ್ಮ ಟ್ರ್ಯಾಕ್ಟರನ್ನು ಓಡಿಸಿದ ಓಟಕ್ಕೆ ಜೀವ ಉಳಿಯಿತು. ದಾರಿಯಲ್ಲಿ ಮರಿಯಪ್ಪ ಹೇಳಿದ್ದು ಒಂದೇ ಮಾತು, "ನಾನೂರ ಹನ್ನೆರಡು."

ದೆಹಲಿಗೆ ಮರಳಿದ ಮೇಲೆ ಬ್ಯಾಂಕಿನ ಕೆಲಸ ಹೋಯಿತು. ಒಂಟಿಗೈ ಗಾರ್ಡು ಯಾರಿಗೆ ಬೇಕು? ಠಾಣೆಯಿಂದ ಬಂದ ಕಾಗದದಲ್ಲಿ, ನಿವೃತ್ತ ವ್ಯಕ್ತಿಯೊಬ್ಬ ಅಪ್ಪಣೆಯಿಲ್ಲದೆ ಗಡಿ ಹೊಲದೊಳಗೆ ಹೋಗಿ, ಯಾವುದೋ ಸ್ಫೋಟಕ ವಸ್ತುವನ್ನು ಮುಟ್ಟಿ ಗಾಯ ಮಾಡಿಕೊಂಡಿದ್ದಾನೆ ಎಂದಿತ್ತು. ಯಾವುದೋ. ಪದ್ಮಾ ಹರಿಣಿಯಿಂದ ಆ ಒಂದು ಪದವನ್ನು ಮೂರು ಸಲ ಓದಿಸಿಕೊಂಡಳು.

ಸೆಪ್ಟೆಂಬರಿನಲ್ಲಿ ದತ್ತಾತ್ರೇಯ ವರ್ಷದ ವರದಿಗೆ ಅಂಕಿಅಂಶ ಹಿಡಿದು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದರು. ಪದ್ಮಾ ದೋಸೆ ತಂದಿಟ್ಟು ಅಲ್ಲೇ ನಿಂತಳು.

"ಇದರಲ್ಲಿ ಅವರ ಕೈ ಎಲ್ಲಿ ಬರತ್ತೆ ಸಾರ್?"

ದತ್ತಾತ್ರೇಯ ಕನ್ನಡಕ ತೆಗೆದರು. "ಎರಡು ಕಾಲಂ ಇವೆ ಪದ್ಮಾ. ಒಂದು, ಕೆಲಸದಲ್ಲಿರೋ ಸೈನಿಕರು. ಮರಿಯಪ್ಪ ರಿಟೈರಾಗಿದಾನೆ. ಇನ್ನೊಂದು, ನೆಲಬಾಂಬು ಇರೋ ಜಾಗದಲ್ಲಿ ಗಾಯ ಆದ ಜನ. ಆ ಹೊಲ..."

"ಶುದ್ಧ," ಅಂದಳು ಪದ್ಮಾ.

"ಕಾಗದದ ಮೇಲೆ."

"ಪಪ್ಪಾ, ಶರಮ್ ಕರೋ, ನಾಚಿಕೆ ಆಗ್ಬೇಕು!" ಅಂದಳು ಹರಿಣಿ.

"ಫೈಲಲ್ಲಿ ಇರೋದನ್ನ ಮಾತ್ರ ನಾನು ಬರೀಬಹುದು, ಪುಟ್ಟಾ. ನನ್ನ ಕಣ್ಣಿಗೆ ಕಂಡದ್ದನ್ನ ಅಲ್ಲ."

ಎರಡೂ ಕಾಲಮ್ಮಿನಲ್ಲಿ ಅವರು ಸೊನ್ನೆ ಬರೆದರು. ಪದ್ಮಾಳಿಗೆ ಇಂಗ್ಲಿಷ್ ಬರುವುದಿಲ್ಲ, ಸೊನ್ನೆ ಬರುತ್ತದೆ. ಮನೋರಮಾ, "ದೋಸೆ ಆರಿ ಹೋಗತ್ತೆ, ತಿನ್ನಿ," ಅಂದರು. ಯಾರೂ ತಿನ್ನಲಿಲ್ಲ. ಪದ್ಮಾ ತಟ್ಟೆಗಳನ್ನು ಹಾಗೇ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಕೋಣೆ ಬಿಟ್ಟು ಹೋಗೋಣ ಅಂತ ಅವಳಿಗೆ ಅನ್ನಿಸಿತು. ಬಾಡಿಗೆ ಕೊಡಲು ಬ್ಯಾಂಕಿನ ಸಂಬಳವೂ ಇರಲಿಲ್ಲ.

ಹಿಂದಿನ ಕೋಣೆಯಲ್ಲಿ ಮರಿಯಪ್ಪ ಮಂಚದ ಮೇಲೆ ಕೂತು, ಎಡಗೈಯಲ್ಲಿ ಸ್ಲೇಟಿನ ಮೇಲೆ ತನ್ನ ಹೆಸರು ಬರೆದು ಬರೆದು ಅಳಿಸುತ್ತಿದ್ದ. ಎರಡು ತಿಂಗಳಿಂದ ಅದೇ ಅಭ್ಯಾಸ. ಪೈಜಾಮದ ಲಾಡಿ ಒಂದು ಕೈಯಲ್ಲಿ ಕಟ್ಟಲು ಬಾರದೆ ಒಳಕ್ಕೆ ಸರಿದು ಹೋಗಿತ್ತು. ಪದ್ಮಾ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತುದಿಗೆ ಲಾಡಿ ಸುತ್ತಿ, ಅವನ ಮುಂದೆ ಕೂತು ಪೋಣಿಸತೊಡಗಿದಳು.

"ಒಂದು ಅರ್ಜಿ ಬರೆಸಬೇಕು ಹರಿಣಿ ಹತ್ತಿರ," ಅಂದ ಮರಿಯಪ್ಪ.

"ಇನ್ನೇನು ಉಳಿದಿದೆ ಅರ್ಜಿ ಕೊಡೋ ಅಂಥದ್ದು?"

"ಪಿನ್ನು ವಾಪಸ್ ಕೇಳೋಣ."

ಪದ್ಮಾಳ ಕೈ ನಿಂತಿತು. "ಈಗ ಯಾಕ್ರೀ?"

"ಪ್ರಾಣಿ ತುಳಿದ ಬಾಂಬಿನದು ಅಂತ ತಾನೇ ಆ ಪಿನ್ನನ್ನ ಜಮಾ ಮಾಡ್ಕೊಂಡದ್ದು? ಬಾಂಬು ಸಿಡಿದದ್ದು ನನ್ನ ಕೈಯಲ್ಲಿ. ಅವರ ಎಣಿಕೆ ತಪ್ಪಾಗತ್ತೆ. ಕೇಳಿದರೆ ಆ ಬಾಂಬು ಎಲ್ಲಿ ಸಿಡೀತು ಅಂತ ಅವರು ಬರೀಲೇಬೇಕಾಗತ್ತೆ."

ಅವನ ಮುಖದಲ್ಲಿ ಹಳೆಯ ಎಣಿಕೆಯ ಗಂಭೀರತೆ ಇತ್ತು. ಹರಿಣಿ ಅರ್ಜಿ ಬರೆದಳು. ರಸೀದಿಯ ನಕಲನ್ನೂ, ಆಸ್ಪತ್ರೆಯ ಕಾಗದವನ್ನೂ, ಗುರ್ಮೇಜ್ ಸಿಂಗ್ ಮತ್ತವನ ತಮ್ಮ ಹೆಬ್ಬೆಟ್ಟು ಒತ್ತಿ ಕಳಿಸಿದ ಸಾಕ್ಷಿಯನ್ನೂ ಲಗತ್ತಿಸಿದಳು. ಕೆಳಗೆ ಮರಿಯಪ್ಪ ಎಡಗೈಯಲ್ಲಿ, ನಾಲಿಗೆ ಕಚ್ಚಿ, ಐದು ನಿಮಿಷ ತೆಗೆದುಕೊಂಡು ಸಹಿ ಹಾಕಿದ. ಒಂದನೆಯ ಕ್ಲಾಸಿನ ಮಗುವಿನ ಅಕ್ಷರದ ಹಾಗಿತ್ತು, ಆದರೆ ಒಂದು ಒತ್ತೂ ತಪ್ಪಿರಲಿಲ್ಲ.

ಈ ಸಲ ಉತ್ತರ ಬೇಗ ಬಂತು, ಇಪ್ಪತ್ತು ದಿನಕ್ಕೇ. ಅರ್ಜಿಯನ್ನೂ ಲಗತ್ತುಗಳನ್ನೂ ಹಾಗೇ ಮಡಿಸಿ ವಾಪಸು ಕಳಿಸಿದ್ದರು. ಮೇಲೊಂದು ಚೀಟಿ. ಹರಿಣಿ ಓದಲು ಹೋಗಿ, ಚೀಟಿಯನ್ನು ಬೆನ್ನ ಹಿಂದೆ ಹಿಡಿದಳು.

"ಓದು ಮಗಳೇ," ಅಂದ ಮರಿಯಪ್ಪ.

"ಅರ್ಜಿದಾರರ ಸಹಿ ಸರ್ವಿಸ್ ದಾಖಲೆಯಲ್ಲಿರುವ ಸಹಿಗೆ ಹೊಂದುತ್ತಿಲ್ಲ. ಸರಿಯಾದ ಸಹಿಯೊಂದಿಗೆ ಮತ್ತೆ ಸಲ್ಲಿಸುವುದು."

ಮರಿಯಪ್ಪ ತನ್ನ ಬಲಗೈಯ ಮೊಂಡನ್ನು ನೋಡಿದ. ಆಮೇಲೆ ಸ್ಲೇಟನ್ನು ಗೋಡೆಗೆ ಆನಿಸಿಟ್ಟ. ಪದ್ಮಾ ಚೀಟಿಯನ್ನು ಈಸಿಕೊಂಡು ನಾಲ್ಕು ಮಡಿಕೆ ಮಾಡಿ, ಟ್ರಂಕು ತೆಗೆದು, ನಶ್ಯದ ಡಬ್ಬಿಯ ಹತ್ತಿಯೊಳಗೆ ಇಟ್ಟಳು. ಅಳತೆಗೆ ಸರಿಯಾಗಿ ಕೂತಿತು.

ಅಂದು ಸಂಜೆ ಅವಳು ತಟ್ಟೆಗೆ ನಾಲ್ಕು ಚಪಾತಿ ಹಾಕಿದಳು. ಅವನು ಎಣಿಸಲಿಲ್ಲ. ಎರಡು ತಿಂದು, ಹೊಟ್ಟೆ ತುಂಬಿತು ಅಂದ.